ಬೀಳಿಸುವ ಪಾಠ

ಹಗಲೆಲ್ಲ ನನ್ನದು ಬೀಳದಂತೆ ಹಿಡಿಯುವ ಕೆಲಸ.
ವೇಲ್ಸಿನ ಈ ಕಣಿವೆಯ ತುದಿಯ ಆರೈಕೆಮನೆಯಲ್ಲಿ
ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ,
ಕಂಕುಳಿಗೆ ಕೈ ಕೊಟ್ಟು, ಮಂಡಿಗೆ ಮಂಡಿ ಆನಿಸಿ,
ಒಂದು, ಎರಡು, ಮೂರು, ಏಳಿ.
ಬಿದ್ದರೆ ಫಾರಂ ತುಂಬಬೇಕು: ಎಷ್ಟು ಗಂಟೆಗೆ,
ಯಾವ ಮಗ್ಗುಲಿಗೆ, ಯಾರ ಕಣ್ಣೆದುರು.

ಮಂಗಳವಾರ ಸಂಜೆ ಏಳಕ್ಕೆ ರಗ್ಬಿ ಮೈದಾನಕ್ಕೆ
ಅದೇ ಕೈ ಬೀಳಿಸುವುದನ್ನು ಕಲಿಯಲು ಹೊರಡುತ್ತದೆ.

ಮೂವತ್ತೊಂಬತ್ತು ನನಗೆ. ಬೂಟು ತಮ್ಮನದು,
ಮುಂದಕ್ಕೆ ಎರಡು ಜೊತೆ ಕಾಲುಚೀಲ ತುರುಕಿದ್ದೇನೆ.
ಹಲ್ಲಿನ ಕವಚವನ್ನು ಮೊಟ್ಟೆ ಬೇಯಿಸುವ ಪಾತ್ರೆಯಲ್ಲಿ
ಕುದಿಸಿ, ಬಿಸಿಬಿಸಿ ಕಚ್ಚಿ, ಇಪ್ಪತ್ತು ಎಣಿಸಿದೆ.
ಮಗಳು ನಕ್ಕಳು: ಅಮ್ಮಾ, ನೀನು ಕುದುರೆ.
ಹೌದು ಕಣೇ, ಎಂದೆ. ಬಾಯಿತುಂಬ ಪ್ಲಾಸ್ಟಿಕ್ಕು,
ಕೇಳಿಸಿದ್ದು ಬರೀ ಹೂಂಕಾರ.

ಕ್ಲಬ್ಬಿನ ಡ್ರೆಸ್ಸಿಂಗ್ ರೂಮು ಗಂಡಸರಿಗೆಂದು ಕಟ್ಟಿದ್ದು.
ಗೋಡೆಯುದ್ದಕ್ಕೂ ನಿಂತು ಉಚ್ಚೆ ಹೊಯ್ಯುವ ಬೋಗುಣಿಗಳು,
ಅವುಗಳ ಮೇಲೆ ನಮ್ಮ ಚೀಲ, ಸ್ವೆಟರು, ಫಿಯಾನಳ ಕಾಲೇಜು ಪುಸ್ತಕ.
ನನ್ನಮ್ಮ ಇಪ್ಪತ್ತಾರು ಚಳಿಗಾಲ ಈ ಕಟ್ಟಡಕ್ಕೆ ಬಂದಳು
ಅಡುಗೆಮನೆಯ ಬಾಗಿಲಿನಿಂದ. ಬ್ರೆಡ್ಡಿಗೆ ಬೆಣ್ಣೆ ಸವರಿದಳು
ಹದಿನೈದು ಹದಿನೈದು ಮೂವತ್ತು ಜನಕ್ಕೆ, ರೆಫ್ರಿಗೊಂದು.
ಆಟ ನೋಡಲು ಕಿಟಕಿಯ ಹಬೆ ಒರೆಸಿಕೊಳ್ಳುತ್ತಿದ್ದಳಂತೆ.

ಚೆಂಡು ಕೈಗೆ ಬಂತು. ಬಿಸಿನೀರಿನ ಚೀಲದ ಹಾಗೆ
ಎದೆಗವಚಿಕೊಂಡೆ. ಕೊಡು, ಕೊಡು, ಎಂದರು.
ಮುಂದಿದ್ದವಳಿಗೆ ಕೊಟ್ಟೆ. ಸೀಟಿ.
ಮುಂದೆ ಇರುವವರಿಗೆ ಕೊಡಬಾರದಂತೆ ಇಲ್ಲಿ,
ಹಿಂದೆ ಓಡಿ ಬರುವವರಿಗಷ್ಟೇ.
ನನಗೆ ಯಾರೂ ಹೇಳಿರಲಿಲ್ಲ,
ಹಿಂದೆ ಯಾರಾದರೂ ಬರುತ್ತಿದ್ದಾರೆಂದು.

ಆಮೇಲೆ ಬೀಳಿಸುವ ಪಾಠ.
ಮೊದಲು ಮಂಡಿಯೂರಿ, ಮತ್ತೆ ನಡೆಯುತ್ತ, ಮತ್ತೆ ಓಡುತ್ತ.
ವಾರವೆಲ್ಲ ಬಸ್ಸು ಓಡಿಸುವ ಮೆರೆರಿಡ್ ಕೂಗಿದಳು:
"ಕಣ್ಣು ಅವಳ ಚಡ್ಡಿಯ ಮೇಲೆ! ತಲೆ ಹಿಂದಕ್ಕೆ, ಕುಂಡೆಗೆ ಕೆನ್ನೆ!
ತೋಳು ಬಿಗಿ! ಬಿಡಬೇಡ!"
ಫಿಯಾನ್ ಬಂದಳು, ಹತ್ತೊಂಬತ್ತರ ಹುಡುಗಿ, ಗೂಳಿ ನುಗ್ಗಿದ ಹಾಗೆ.
ಹಿಡಿದೆ. ಬಿಗಿದೆ. ಆಗ ನನ್ನ ಕೈ
ಹದಿನಾಲ್ಕು ವರ್ಷದ ಅಭ್ಯಾಸ ಬಿಡದೆ
ಅವಳ ತಲೆಯಡಿಗೆ ಹೋಗಿ, ಸೊಂಟಕ್ಕೆ ಆಸರೆಯಾಗಿ,
ಹುಲ್ಲಿನ ಮೇಲೆ ಮೆಲ್ಲನೆ ಮಲಗಿಸಿತು.
"ಸಾರಿ ಕಣಮ್ಮಾ," ಎಂದಿತು ಬಾಯಿ.

ಮೈದಾನವೆಲ್ಲ ನಕ್ಕಿತು. ಫಿಯಾನ್ ಮಲಗಿದಲ್ಲೇ ಕೇಳಿದಳು:
"ಹೊದಿಕೆ?"

ನಗದವಳು ಮೆರೆರಿಡ್ ಒಬ್ಬಳೇ. "ಹಿಡಿತ ಸರಿ ಇದೆ," ಎಂದಳು.
"ಇಂಥದ್ದು ಕಲಿಸೋಕೆ ನನಗೆ ಎರಡು ವರ್ಷ ಬೇಕು.
ಸಾರಿ ಮಾತ್ರ ಮನೆಯಲ್ಲಿಟ್ಟು ಬಾ."

ಮತ್ತೆ. ಮತ್ತೆ. ಆರನೆಯ ಸಲಕ್ಕೆ ಮಳೆ ಬಂತು,
ಹತ್ತನೆಯ ಸಲಕ್ಕೆ ಯಾರು ಯಾರೆಂದೇ ತಿಳಿಯಲಿಲ್ಲ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಮಾತು
ಮೀಸೆಯಿದ್ದವರು ಕಟ್ಟಿದ್ದು.
ನಮಗೆ ಹುಬ್ಬು, ಕಿವಿ, ಹಲ್ಲಿನ ಸಂದಿ, ಎಲ್ಲ ಮಣ್ಣು;
ಮುಚ್ಚಿದ ಗಣಿಯ ಕಪ್ಪು ಇನ್ನೂ ಇರುವ ಮಣ್ಣು.
ನನ್ನಜ್ಜ ಕೆಮ್ಮಿ ಕೆಮ್ಮಿ ಉಗುಳುತ್ತಿದ್ದುದು ಇದನ್ನೇ.

ಒಂದೇ ಒಂದು ಸಲ, ಹನ್ನೊಂದನೆಯದೋ ಹನ್ನೆರಡನೆಯದೋ,
ಭುಜ ತಾಗಿದ್ದು, ಅವಳ ಉಸಿರು ಹಕ್ಕೆಂದಿದ್ದು,
ಇಬ್ಬರೂ ಒಟ್ಟಿಗೆ ನೆಲಕ್ಕೆ ಬಡಿದದ್ದು.
ಬಾಯಿ ಸುಮ್ಮನಿತ್ತು.
ಫಾರಂ ಇಲ್ಲ.

ಬುಧವಾರ ಬೆಳಿಗ್ಗೆ ಇಡ್ವಾಲ್ ಮುದುಕನನ್ನು ಎಬ್ಬಿಸುವಾಗ
ನನ್ನ ತೋಳೇ ಏಳಲಿಲ್ಲ. ನೇರಳೆಗಟ್ಟಿದ ಕಲೆ ನೋಡಿದ.
ಮಗಳ ಹೆಸರು ಮರೆತವನು, ತಿಂಡಿ ತಿಂದದ್ದು ಮರೆಯುವವನು
ಬೆರಳಿಟ್ಟು ಒತ್ತಿ, ಡಾಕ್ಟರ ಹಾಗೆ,
"ಭುಜ ತಡವಾಯ್ತು," ಎಂದ. "ಕಾಲು ಹತ್ತಿರ ಇರಲಿಲ್ಲ."
ಹೇಗೆ ಗೊತ್ತೆಂದು ಕೇಳಲಿಲ್ಲ.
ಒಂದು ಹೆಜ್ಜೆ ಹತ್ತಿರ ಇಟ್ಟೆ. ಮಂಡಿಗೆ ಮಂಡಿ ಆನಿಸಿದೆ.
ಒಂದು, ಎರಡು,
ಅವನ ಕೈ ನನ್ನ ಬೆನ್ನಿನ ಅಂಗಿಯನ್ನು
ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿತು.
"ಹೂಂ," ಎಂದ, "ಈಗ ತಳ್ಳು."