ಬೇಬಿ ಮೋಡ್

ಬೀಜ ನೋಡಬೇಡಿ ಅಕ್ಕ, ಸ್ಕ್ರೀನ್ ನೋಡಿ,
ಅಂದ ಸಫ್ವಾನ್.
ಇಪ್ಪತ್ತಾರು ವರ್ಷ ಮೇಜಿನ ಮೇಲಿದ್ದ ಕಣ್ಣನ್ನು
ಎತ್ತಿ ಎಲ್ಲಿಡುವುದೆಂದು ತಿಳಿಯದೆ
ಅವನ ಶರ್ಟಿನ ಗುಂಡಿ ನೋಡಿದೆ.
ಒಂದಕ್ಕೆ ಬೇರೆ ಬಣ್ಣದ ನೂಲು.
ನಮ್ಮ ಕಣ್ಣೇ ಹಾಗೆ, ಎಂತ ಮಾಡುದು,
ಬೇರೆಯಾದದ್ದೇ ಮೊದಲು ಕಾಣುದು.

ಹಿರಿಯಡ್ಕದ ಗೇರುಬೀಜದ ಫ್ಯಾಕ್ಟರಿ,
ಗ್ರೇಡಿಂಗಿಗೆ ನಾವು ಹತ್ತೊಂಬತ್ತು ಜನ.
ಬಿಳಿ ಒಂದು ಕಡೆ, ಸುಟ್ಟದ್ದು ಒಂದು ಕಡೆ,
ಹೋಳಾದದ್ದು, ಮೂಲೆ ಮುರಿದದ್ದು, ಹುಳ ಕೊರೆದದ್ದು.
ಬಾಯಲ್ಲಿ ಮಗಳ ಬಾಣಂತನ, ಸಂಘದ ವಾರದ ಕಂತು;
ಕೈ ಅದರಷ್ಟಕ್ಕೆ ಅದು.

ಮಿಷನು ಬಂತು. ಕಪಾಟಿನಷ್ಟು ಎತ್ತರ,
ಹೊಟ್ಟೆಯೊಳಗೆ ಬೆಳಕು.
ಬೀಜ ಜಾರುತ್ತದೆ, ಕ್ಯಾಮರಾ ನೋಡುತ್ತದೆ,
ಬೇಡದ್ದಕ್ಕೆ ಫುಸ್ ಅಂತ ಗಾಳಿ.
ಊಟದ ಬೆಲ್ಲಿನೊಳಗೆ ನಮ್ಮೆಲ್ಲರ ಒಂದು ದಿನ.

ನಾಲ್ಕು ದಿನ ತರಬೇತಿ.
ಚಹಾ, ಎರಡೆರಡು ಗೋಳಿಬಜೆ, ಇಂಗ್ಲಿಷಿನ ಒಂದು ಪುಸ್ತಕ.
ಸೆನ್ಸಿಟಿವಿಟಿ ಅಂದರೆ
ಎಷ್ಟು ಹಟ ಹಿಡಿಯಬೇಕು ಅಂತ,
ಹಾಗೆಯೇ ಬರೆದುಕೊಂಡೆ.
ಜಾಸ್ತಿ ಇಟ್ಟರೆ ರೈಟರ್ ದೇಜಪ್ಪಣ್ಣನ ಹಾಗೆ, ಎಲ್ಲದಕ್ಕೂ ತಪ್ಪು;
ಕಡಿಮೆ ಇಟ್ಟರೆ ಅಂಗನವಾಡಿ ಟೀಚರ್, ಎಲ್ಲ ಪಾಸು.

ಎರಡನೇ ದಿನ ಅವನಿಗೆ ಸ್ಯಾಂಪಲ್ ಬೇಕಾಯಿತು.
ನೂರು ಒಳ್ಳೆಯದು, ನೂರು ಹಾಳು.
ಯಾರ ಕಣ್ಣು ಚೊಕ್ಕ ನಿಮ್ಮಲ್ಲಿ?
ಹದಿನೆಂಟು ಬೆರಳು ಬೇಬಿಯಕ್ಕನ ಕಡೆ.

ಬೇಬಿಯಕ್ಕ ಸೆರಗಿಗೆ ಕೈ ಒರೆಸಿ ಕೂತರು.
ಕಪ್ಪು ಚುಕ್ಕೆ ಯಾರಿಗೂ ಕಾಣ್ತದೆ ಮಗಾ,
ಈ ಹಳದಿ ನೋಡು, ಸುಟ್ಟದ್ದಲ್ಲ,
ಸಿಪ್ಪೆಯ ನೆರಳು, ಒಳ್ಳೆಯದಕ್ಕೆ ಹಾಕು.
ಇದು ಬಿಳಿಯೇ. ಆದರೆ ನಾಳೆ ಕಂದುತ್ತದೆ,
ಹಾಳಿಗೆ ಹಾಕು.
ನಾಳೆಯದ್ದು ಇವತ್ತು ಹೇಗೆ ಗೊತ್ತು?
ಬೀಜವನ್ನು ಸ್ಟೀಲ್ ತಟ್ಟೆಗೆ ಎರಡು ಸಲ ಬೀಳಿಸಿದರು.
ಕೇಳಿತಾ?
ಅವನಿಗೆ ಕೇಳಲಿಲ್ಲ. ನನಗೆ ಕೇಳಿತು.
ಶಬ್ದಕ್ಕೆ ಇದರಲ್ಲಿ ಜಾಗ ಇಲ್ಲ ಅಕ್ಕ,
ಅಂದ, ಪಾಪ, ತಲೆ ಕೆರೆದುಕೊಂಡು.

ಸೇವ್ ಮಾಡುವಾಗ ಹೆಸರು ಕೇಳಿತು ಮಿಷನು.
ಖಾಲಿ ಚೌಕದಲ್ಲಿ ಒಂದು ಗೀಟು ಮಿಣುಕುತ್ತಿತ್ತು.
ಬೇಬಿ ಅಂತ ಒತ್ತಿದ.
ನಾವೆಲ್ಲ ಚಪ್ಪಾಳೆ ತಟ್ಟಿದೆವು.

ತಿಂಗಳ ಕೊನೆಗೆ ಪಟ್ಟಿ. ಮಿಷನಿಗೆ ನಾಲ್ಕು ಜನ ಸಾಕು.
ಹತ್ತನೇ ಕ್ಲಾಸು ಆಗಿರಬೇಕು, ನಲವತ್ತೆಂಟರ ಒಳಗಿರಬೇಕು.
ನನಗೆ ನಲವತ್ತೆಂಟಾಗಲು ಐದು ತಿಂಗಳು ಉಳಿದಿತ್ತು.
ಓದಿ ಹೇಳಿದ್ದು ನಾನೇ.
ಬೇಬಿಯಕ್ಕ ಕನ್ನಡಕ ತಂದಿರಲಿಲ್ಲ,
ಬೀಜಕ್ಕೆ ಅವರಿಗೆ ಕನ್ನಡಕ ಬೇಡ.
ಮತ್ತೆ? ಅಂದರು.
ಅಷ್ಟೇ, ಅಂದೆ. ಕಾಗದ ಮಡಚಿದೆ.

ಈಗ ನನಗೆ ನೀಲಿ ಕೋಟು.
ಗೇರೆಣ್ಣೆ ತಿಂದ ಬೆರಳು ಕೆಲವು ಸಲ ಸ್ಕ್ರೀನಿಗೆ ತಿಳಿಯುವುದಿಲ್ಲ,
ಬಾಯಿಯ ಆವಿ ಊದಿ ಒತ್ತುತ್ತೇನೆ.
ಸಂಬಳ ಸಾವಿರದ ಇನ್ನೂರು ಜಾಸ್ತಿ.
ಸುಳ್ಳು ಯಾಕೆ, ಬೇಕಿತ್ತು ಅದು.
ಸೊಂಟನೋವೂ ಕಡಿಮೆ.
ಮಾತಿಲ್ಲ, ಇಡೀ ದಿನ ಕಂಪ್ರೆಸರಿನ ಗದ್ದಲ.

ಅವರ ಪುಸ್ತಕದಲ್ಲಿ ಇಲ್ಲದ್ದನ್ನು
ಮಗಳ ಹಳೆ ಕಾಪಿಯಲ್ಲಿ ಬರೆದಿಡುತ್ತೇನೆ:
ಆಟಿಯಲ್ಲಿ ಬೀಜ ಬೆವರುತ್ತದೆ, ಎರಡು ನಂಬರ್ ಇಳಿಸು.
ಕರೆಂಟು ಹೋಗಿ ಬಂದರೆ
ಮೊದಲ ಬೊಗಸೆ ನಂಬಬೇಡ.
ಆಫ್ರಿಕಾದ ಬೀಜಕ್ಕೆ ಬೇರೆ ಹಟ.

ಹೊಸ ಹುಡುಗಿಯರು, ಐಟಿಐ ಕಲಿತವರು,
ನನಗೆ ನಾಲ್ಕು ದಿನದಲ್ಲಿ ಹತ್ತದ್ದನ್ನು
ಒಂದೂವರೆ ದಿನದಲ್ಲಿ ಮುಗಿಸಿದರು.
ಬೇಬಿ ಅಂದರೆ
ಸಣ್ಣ ಬೀಜದ ಸೆಟ್ಟಿಂಗು ಅಂತ ಅವರ ಲೆಕ್ಕ.
ಸಣ್ಣದು ಬಂದಾಗ ಅದನ್ನೇ ಒತ್ತುತ್ತಾರೆ,
ಚೆನ್ನಾಗಿಯೇ ಆರಿಸುತ್ತದೆ.
ಹೇಳಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಬೆಲ್ಲು.

ಮೊನ್ನೆ ಬೇಬಿಯಕ್ಕನ ಫೋನು, ಪೆರ್ಡೂರಿನಿಂದ.
ಕ್ಯಾಟರಿಂಗಿನವರಲ್ಲಿ ತರಕಾರಿ ಹೆಚ್ಚುತ್ತಾರಂತೆ.
ಮಗಳು ಹೇಗಿದ್ದಾಳೆ, ಮಳೆ ಉಂಟಾ,
ಎಲ್ಲ ಆದ ಮೇಲೆ:
ಅದಕ್ಕೀಗ ಶಬ್ದ ಕೇಳ್ತದಾ?
ಇಲ್ಲ, ಅಂದೆ.
ಆಚೆ ಸ್ವಲ್ಪ ಹೊತ್ತು ಹಲಗೆಯ ಮೇಲೆ ಚಾಕು.
ನಿನಗೆ?
ರೇಂಜ್ ಹೋಗ್ತಾ ಉಂಟು ಅಕ್ಕ,
ಅಂದೆ.