ಎತ್ತ ಅಂತ ಕೇಳಿದರೆ

ದಾರಿ ಕೇಳೋರು ನನ್ನ ಮುಖ ನೋಡೋದಿಲ್ಲ,
ಕೈ ನೋಡ್ತಾರೆ.
ಖಾಕಿ ತೋಳು ಎತ್ತ ತಿರುಗಿತೋ ಅತ್ತ ಅವರ ಊರು.

ಹೋಮ್‌ಗಾರ್ಡ್ ಕೊಟ್ರಮ್ಮ, ಗಾಂಧಿ ಸರ್ಕಲ್.
ಟೋಪಿ ಇಲಾಖೇದು, ಸೀಟಿ ಸ್ವಂತದ್ದು,
ಬಿಸಿಲು ಯಾರದೂ ಅಲ್ಲ,
ಆದ್ರೂ ನನ್ನ ಪಾಲಿಗೇ ಜಾಸ್ತಿ.

‘ಅಕ್ಕಾ, ಗುಂಡಿ ಸರ್ಕಲ್ ಎಲ್ಲೈತಿ?’
ಅದು ಹಿರಿಯರ ಮನೆತನದ ಹೆಸರಪ್ಪ.
ಗುಂಡಿ ನೋಡ್ಕೊಂತ ಹೊಂಟ್ರೆ
ನೂರು ಸರ್ಕಲ್ ಸಿಗ್ತಾವೆ, ಅದೊಂದು ಬಿಟ್ಟು.

‘ಗಡಿಯಾರ ಕಂಬ?’
ಮಂಡಿಪೇಟೆ ಹೊಕ್ಕು ತಲೆ ಎತ್ತು.
ಹೊತ್ತು ನೋಡಬ್ಯಾಡ ಅದರಾಗೆ,
ತಿರುವು ನೋಡು.

‘ಬೆಣ್ಣೆ ದೋಸೆ?’
ನಾಕೂ ಕಡೆ ಐತಿ.
ಯಾವುದು ಒರಿಜಿನಲ್ ಅಂತ ಮಾತ್ರ ಕೇಳಬ್ಯಾಡ,
ಸರ್ಕಾರದ ಡ್ರೆಸ್ಸಿನಾಗೆ ಇದೀನಿ.

ಅಶೋಕ ರಸ್ತೆ ರೈಲ್ವೆ ಗೇಟು ಬಿತ್ತು ಅಂದ್ರೆ
ಯಾರೂ ಬಂದು ಹೇಳಬೇಕಿಲ್ಲ, ಹಾರ್ನುಗಳೇ ಹೇಳ್ತಾವೆ.
ಒಂದರ ಬೆನ್ನಿಗೊಂದು ಅಂಟಿ ನಿಲ್ತಾವೆ ಗಾಡಿ:
ಮಂಡಕ್ಕಿ ಚೀಲ ಆಳೆತ್ತರ ಹೇರಿದ ಲಗೇಜ್ ಆಟೋ,
ಊರಿನ ಸಂಜಿ ಹೊಟ್ಟೆಯೆಲ್ಲ ಅದರ ಮೇಲೆ, ತೂಕ ಮಾತ್ರ ಇಲ್ಲ,
ತುದಿ ಚೀಲದ ಮೇಲೆ ಬಾಯಿ ತೆರೆದು ಮಲಗಿದ ಹುಡುಗ;
ಪಾರ್ಸಲ್ ಹಿಡಿದ ಮೆಡಿಕಲ್ ಕಾಲೇಜ್ ಹುಡುಗಿ,
ಬೆಣ್ಣೆ ಎಲೆ ದಾಟಿ, ಪೇಪರು ದಾಟಿ,
ಬಿಳೀ ಕೋಟಿಗೆ ಇಳಿದು ಕುಂತೈತಿ.
ಎಂಜಿನ್ ಆರಿಸಿದೋರು ಹರಟ್ತಾರೆ,
ಆರಿಸದೋರು ಬೈತಾರೆ.
ನಡುವೆ ಸೌತೆಕಾಯಿ ಖೈರೂನ್,
ಉಪ್ಪುಖಾರದ ಡಬ್ಬಿ ಸೊಂಟಕ್ಕೆ ಸಿಗಿಸ್ಕೊಂಡು,
ಹ್ಯಾಂಡಲ್ಲು ಕನ್ನಡಿ ಸಂದಿಯಾಗೆ ನೀರಿನಂಗೆ ನುಗ್ಗತಾಳೆ.
‘ಸೇತುವೆ ಆತು ಅಂದ್ರೆ ನನ್ನ ಗತಿ ಏನು ಕೊಟ್ರಕ್ಕ?’
ಪೂಜೆ ಆಗೈತಿ ಅಷ್ಟೇ, ಹೆದರಬ್ಯಾಡ, ಅಂದೆ.
ಅವತ್ತಿಂದ ದುಡ್ಡು ತಗೊಳ್ಳಲ್ಲ ನನ್ನ ಹತ್ರ.

ಮೊನ್ನೆ, ಒಂದೂಮುಕ್ಕಾಲು ಇರಬೇಕು,
ಹರಿಹರದ ಬಸ್ಸಿಳಿದ ಅಜ್ಜ ಒಬ್ಬ
ಕೊಡೆ ಊರ್ಕೊಂತ ನನ್ನ ನೆರಳಿಗೆ ಬಂದು ನಿಂತ.
‘ತಂಗೀ, ಮಿಲ್ ಗೇಟಿಗೆ ಹೆಂಗೆ ಹೋಗ್ಲಿ?’
ಯಾವ ಮಿಲ್ಲು ಯಜಮಾನ್ರೆ?
‘ಈಗ ಎಷ್ಟದಾವೆ?’

ರೂಢಿ ಮೇಲೆ ಎದ್ದ ಕೈ ಗಾಳಿಯಾಗೆ ನಿಂತುಬಿಡ್ತು.
ಅತ್ತ ಚಿಮಣಿ ಐತಿ, ಹೊಗೆ ಇಲ್ಲ.
ಇತ್ತ ಕಾಂಪೌಂಡ್ ಐತಿ, ಒಳಗೆ ಸೈಟು,
ಸೈಟಿನಾಗೆ ಜಾಲಿ.
ಮೂರು ವರ್ಷದಾಗೆ ಮೊದಲ ಸಲ
ಬೆರಳು ಮಡಚಿ ಜೇಬಿಗೆ ಹಾಕ್ಕೊಂಡೆ.

ರಿಂಗ್ ಫ್ರೇಮ್ ಖಾತೆ, ಎರಡನೇ ಪಾಳಿ, ಅಂದ ಅಜ್ಜ.
ಜಗಳಕ್ಕೆ ಬಂದೋನಂಗೆ ಕೂಗಿ ಮಾತಾಡ್ತಿದ್ದ,
ಕಿವಿ ಮಿಲ್ಲಿನಾಗೇ ಬಿಟ್ಟು ಬಂದೋರು ಹಂಗೇ.
‘ಎರಡಕ್ಕೆ ಸರಿಯಾಗಿ ಕೂಗು ಆಗ್ತಿತ್ತು ನೋಡು,
ಚೌಕಿಪೇಟೆ ಸಾಹುಕಾರ್ರು ಗಡಿಯಾರ ತಿರುವಿಕೊಳ್ಳೋರು.’

ನನಗೂ ಗೊತ್ತು ಆ ಕೂಗು.
ನಾನು ಹುಟ್ಟಿದ್ದು ರಾತ್ರಿ ಪಾಳಿ ಕೂಗು ಮುಗಿಯೋದ್ರೊಳಗೆ
ಅಂತಿದ್ಲು ಅವ್ವ. ವಾರ ಗೊತ್ತು, ತಾರೀಖು ಗೊತ್ತಿಲ್ಲ.
ಇಲಾಖೆ ಫಾರಂನಾಗೆ ಎಲ್ಲರಂಗೆ ಜೂನ್ ಒಂದು.

ಯಾಕೋ ಗೊತ್ತಿಲ್ಲ.
ಮೊಬೈಲ್‌ನಾಗೆ ಎರಡಾತು, ಸೀಟಿ ಬಾಯಿಗಿಟ್ಟು ಊದಿದೆ,
ಉಸಿರು ತೀರೋ ತನಕ,
ಒಳಗಿನ ಕಾಳು ಸಿಕ್ಕಿಕೊಂಡು ಕೀರಲಾಗೋ ತನಕ.
ನಾಕೂ ದಿಕ್ಕು ನಿಂತವು.
ಆಂಬುಲೆನ್ಸ್ ಇಲ್ಲ, ಮಂತ್ರಿ ಕಾರು ಇಲ್ಲ,
ಬಾಡದ ಕಡೆ ಹೊಂಟ ಬಸ್ಸು ಸೈತ
ಯಾಕೆ ನಿಂತೆ ಅಂತ ತಿಳೀದೆ ನಿಂತ್ಕೊಂತು.

ಅಜ್ಜ ಕಿವಿಗೆ ಕೈ ಒಡ್ಡಿ ಕೇಳಿದ.
‘ಸಣ್ಣದಾತು’ ಅಂದ.
‘ಹೊಳೆ ಆಚೆಗೆ ಕೇಳ್ತಿತ್ತು ನಮ್ಮದು.’
ಕೊಡೆ ಎತ್ತಿ, ಖಾಲಿ ರಸ್ತೆ ನಡುವೆ,
ಪಾಳಿಗೆ ತಡ ಆದೋನಂಗೆ ದಾಟಿದ,
ನಾನು ತೋರಿಸದ ಕಡೆಗೆ.

ಆಟೋದವ ಒಬ್ಬ ಕತ್ತು ಹೊರಗೆ ಹಾಕಿ,
‘ಏನಕ್ಕಾ, ಬಿಡ್ತೀಯೋ ಇಲ್ಲೋ?’