ಎರಡು ಆಟೀನು

ಕೂಗು ಅನ್ನುತ್ತೇವೆ, ಕೂಗುವವರು ಯಾರೂ ಇಲ್ಲ.
ಪೆಟ್ಟಿಗೆಯಿಂದ ಚೀಟಿ ಎತ್ತಿ ಮೇಜಿನ ಮೇಲಿಡುವುದು, ಅಷ್ಟೆ.
ಮೂವತ್ತೆಂಟು ಮಾತು. ಇಷ್ಟರಲ್ಲೇ ಹೇಳಿ ಮುಗಿಸಬೇಕು
ಹದಿಮೂರು ಎಲೆಗಳ ಇಡೀ ಸಂಸಾರ.

ಆರ್ನ್‌ಗ್ರೀಮುರ್ ಮೀನುಹಡಗಿನ ರೇಡಿಯೊ ಕೋಣೆಯಲ್ಲಿ
ಮೂವತ್ತು ವರ್ಷ ಕೂತವನು.
ಒಂದು ಸದ್ದಿಗೆ ಎರಡು ಅರ್ಥವಿದ್ದರೆ
ಜನ ಮುಳುಗುತ್ತಾರೆ, ಅನ್ನುತ್ತಿದ್ದ.
ನಾನು ಹಾಲ್‌ಬೆರಾ, ಮೀನಿನ ಕಾರ್ಖಾನೆಯಲ್ಲಿ ತೂಕ ಬರೆದವಳು,
ಕಾಲು ಕಿಲೊ ಹೆಚ್ಚೂ ಬರೆದವಳಲ್ಲ, ಕಡಿಮೆಯೂ.
ಜೋಡಿ ಕೂಡಿದ್ದು ಹಾಗೆ.

ನೀಲಿ ರಟ್ಟಿನ ನೋಟುಬುಕ್ಕು, ನಲವತ್ತೊಂದು ಪುಟ.
ಹದಿನೆಂಟು ಚಳಿಗಾಲ, ಮಂಗಳವಾರದ ಆಟ ಮುಗಿದ ಮೇಲೆ
ಅವನ ಅಡುಗೆಮನೆಯಲ್ಲಿ ಜಗಳ:
ಎದುರಾಳಿ ನಡುವೆ ಬಾಯಿ ಹಾಕಿದರೆ
ನಮ್ಮ ಡಬಲ್‌ಗೆ ಏನರ್ಥ? ಅವರಿಗೆ ದಂಡವೋ,
ನಿನ್ನ ಬಣ್ಣ ಹೇಳು ಅನ್ನುವ ಕೋರಿಕೆಯೋ?
ಎರಡನೆಯ ಹಂತದವರೆಗೆ ಕೋರಿಕೆ, ಆಮೇಲೆ ದಂಡ
ಅಂತ ಒಪ್ಪಲು ಎರಡು ವರ್ಷ ಹಿಡಿಯಿತು.
ಸ್ವಾನ್‌ಲೊಯ್ಗ್ ಬದುಕಿದ್ದಾಗ ಕಾಫಿ ಬಗ್ಗಿಸುತ್ತ ಅನ್ನುತ್ತಿದ್ದಳು,
“ನಮ್ಮ ಮದುವೆಗೂ ಇಷ್ಟು ಕರಾರಿರಲಿಲ್ಲ.”

ಈ ಜನವರಿಯ ಮೊದಲ ಮಂಗಳವಾರ.
ಬೆಟ್ಟದ ಹಿಂದೆ ಸಿಕ್ಕಿಕೊಂಡ ಸೂರ್ಯ
ಈಸಾಫ್ಯೋರ್ದುರ್‌ಗೆ ಬರಲು ಇನ್ನೂ ಮೂರು ವಾರ.
ಅವನು ಒಂದು ತುರುಫಿಲ್ಲ ಇಟ್ಟ.
ನಾನು ಎರಡು ಆಟೀನು.
ಪುಟ ಒಂಬತ್ತು: ಎರಡು ಆಟೀನು ಅಂದರೆ ಐದು ಇಸ್ಪೀಟು.
ಎದುರಿಗೆ ಕೂತ ದಂತವೈದ್ಯೆ ಕೇಳಿದಳು, ಏನು ಹಾಗಂದರೆ?
ಅವನು ತಡವರಿಸಲೂ ಇಲ್ಲ: “ಆಟೀನು. ಐದೋ ಆರೋ.”

ನನ್ನ ಕಿವಿಗೆ ಬಿತ್ತು. ಬೀಳಬಾರದಿತ್ತು.
ಈ ಆಟದ ಧರ್ಮ ಹೀಗಿದೆ:
ಜೊತೆಗಾರ ಮರೆತದ್ದು ಗೊತ್ತಾದರೂ
ಗೊತ್ತಿಲ್ಲದವಳಾಗಿ ಆಡು.
ಅವನು ಮರೆಯದ ಲೋಕವೊಂದರಲ್ಲಿ ಕೂತು ಆಡು.
ಮುಖ ನೋಡಬೇಡ. ಕೈ ನಡುಗಿದರೆ ಅದನ್ನು ಓದಬೇಡ.

ಅವನು ಮೂರು ಆಟೀನು ಇಟ್ಟ.
ಪುಟ ಹತ್ತು: ನಿನ್ನ ಇಸ್ಪೀಟು ಹಿಡಿಸಿತು, ನನಗೆ ಆಟೀನೂ ಗಟ್ಟಿ.
ನನ್ನ ಹತ್ತಿರ ಒಂದು ರಾಣಿ, ಒಬ್ಬ ಗುಲಾಮ, ಉಳಿದದ್ದು ಪುಡಿ.
ಹಸಿರು ಪಾಸ್ ಚೀಟಿ ಹೆಬ್ಬೆರಳಿಗೆ ತಾಗುತ್ತಿತ್ತು.
ಎತ್ತಲಿಲ್ಲ.
ಮೂರು ಇಸ್ಪೀಟು ಅಂದೆ. ಅವನು ನಾಲ್ಕು ಆಟೀನು.
ನಾನು ನಾಲ್ಕು ಇಸ್ಪೀಟು. ದಂತವೈದ್ಯೆಯ ಕೆಂಪು ಡಬಲ್.
ಅವನು ಎಲೆ ಹಾಸಿದ: ಇಸ್ಪೀಟು ಎರಡೇ.
“ಆಟೀನು ಅಂದೆಯಲ್ಲ, ಹಾಲ್‌ಬೆರಾ,” ಅಂದ, ಮೆಲ್ಲಗೆ,
ನಾನೇ ಮರೆತೆನೇನೋ ಅನ್ನುವ ಹಾಗೆ, ಕನಿಕರದಿಂದ.
ಹತ್ತು ಕೈ ಗೆಲ್ಲಬೇಕಾದಲ್ಲಿ ಏಳು.

ಅವತ್ತು ಅಡುಗೆಮನೆಯಲ್ಲಿ ಜಗಳವಾಗಲಿಲ್ಲ.
ಅವನೇ ಪುಟ ಒಂಬತ್ತು ತೆರೆದು, ತನ್ನದೇ ಅಕ್ಷರ ಓದಿ,
ಬಹಳ ಹೊತ್ತು ಕನ್ನಡಕ ಒರೆಸಿದ.
“ಬಿರುಗಾಳಿ ಎದ್ದಾಗ ರೇಡಿಯೊದಲ್ಲಿ ಹೀಗೇ ಮಾಡುತ್ತಿದ್ದೆವು,” ಅಂದ.
“ಪದ ಕಡಿಮೆ. ನಿಧಾನ. ಎರಡೆರಡು ಸಲ.
ಹೊಡಿ ಅಡ್ಡಗೆರೆ.”

ಹೊಡೆದೆ. ಎರಡು ಆಟೀನು ಅಂದರೆ ಇನ್ನು ಆಟೀನೇ.
ಮುಂದಿನ ವಾರ ಪುಟ ಹದಿನಾಲ್ಕು ಹೋಯಿತು,
ಎಕ್ಕ ಕೇಳುವ ಉಪಾಯ, ನಾವಿಬ್ಬರೂ ಮೆರೆದಿದ್ದ ಪುಟ.
ಡಬಲ್‌ನ ಎರಡು ವರ್ಷಗಳು
ಒಂದೇ ಗೆರೆಯಲ್ಲಿ ಹೋದವು.
ತೂಕದವಳಿಗೆ ಗೊತ್ತು:
ಮುಳ್ಳು, ತಲೆ ತೆಗೆದ ಮೇಲೆ
ತಕ್ಕಡಿ ಎಷ್ಟು ಹಗುರಾಗುತ್ತದೆ, ಉಳಿದದ್ದು ಏನು ಅಂತ.

ಇಪ್ಪತ್ತೈದಕ್ಕೆ ಸೂರ್ಯ ಬಂದ,
ಸೋಲ್‌ಗಾತಾ ಬೀದಿಯಲ್ಲಿ ನಾಲ್ಕೇ ನಿಮಿಷ.
ಊರೆಲ್ಲ ಕೆನೆ ಹಚ್ಚಿದ ತೆಳ್ಳನೆಯ ಪ್ಯಾನ್‌ಕೇಕು, ಕಾಫಿ.
ಅವನ ಕಿಟಕಿಗೆ ಬಿಸಿಲು ಮುಟ್ಟಲಿಲ್ಲ, ಎದುರುಮನೆಯ ತಗಡಿಗೆ ಮುಟ್ಟಿತು.
ನೋಟುಬುಕ್ಕಿನಲ್ಲಿ ಈಗ ಆರು ಪುಟ.
ಸಕ್ಕರೆ ಅಂಟಿದ ಬೆರಳಲ್ಲಿ ಅದನ್ನು ಮಗುಚಿ ಕೇಳಿದ:
“ಪಾಸ್‌ಗೆ ಏನರ್ಥ ಇಟ್ಟುಕೊಂಡಿದ್ದೇವೆ?”
“ಪಾಸ್ ಅಂದರೆ ಪಾಸ್, ಆರ್ನ್‌ಗ್ರೀಮುರ್.”
“ಇದರಲ್ಲಿ ಎಲ್ಲೂ ಇಲ್ಲವಲ್ಲ,” ಅಂದ. “ಬರೆ.”